ವಿಭೂತಿಯ ಕೆಳಗಿನ ಸಾಲು

ಸಿದ್ದಾಪುರ
19 ಆಗಸ್ಟ್ 1999

ಪ್ರೀತಿಯ ಅಪ್ಪಾಜಿ,

ನೋಡಿ, ಕನ್ನಡದಲ್ಲೇ ಬರೆಯುತ್ತಿದ್ದೇನೆ! ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯ ಹತ್ತಿರ ನಿಂತು ನೀವು ಹೇಳಿದ ಕೊನೆಯ ಮಾತು ಅದೇ ತಾನೇ? "ಇಂಗ್ಲೀಷ್‌ನಾಗೆ ಬರೀಬ್ಯಾಡ ಕಣವ್ವ, ನಿಮ್ಮವ್ವ ಓದ್ಬೇಕು." ಆಯಿತು, ಅವ್ವನಿಗಾಗಿ ಕನ್ನಡ. ಒತ್ತಕ್ಷರ, ಮಹಾಪ್ರಾಣ ತಪ್ಪಿದ್ದರೆ ನನ್ನನ್ನು ಬೈಯಬೇಡಿ. ಆರನೇ ವಯಸ್ಸಿಗೆ ದಾವಣಗೆರೆಯ ಕಾನ್ವೆಂಟಿಗೆ ಹಾಕಿದವರು ನೀವು.

ಅಪ್ಪಾಜಿ, ಆಷಾಢ ಕಳೆದು ಗಂಡನ ಮನೆಗೆ ಹೊರಟ ಯಾವ ಹುಡುಗಿಯ ಜೊತೆಗಾದರೂ ಕಳೆನಾಶಕದ ಡಬ್ಬಿ ಬಂದದ್ದುಂಟೇ? ಮೇಲಿನ ಬುಟ್ಟಿಯಲ್ಲಿ ಶೇಂಗಾ ಹೋಳಿಗೆ, ಚಕ್ಕುಲಿ, ಹೊಸ ಸೀರೆ. ಕಾಲ ಬಳಿ ಗೋಣಿಚೀಲದಲ್ಲಿ ನಿಮ್ಮ ಡಬ್ಬಿ. ಅದರ ಹೊಟ್ಟೆಯ ಮೇಲೆ ನೀವು ಎಳೆದ ಮೂರು ಗೆರೆ ವಿಭೂತಿ, ನಡುವೆ ಅವ್ವ ಇಟ್ಟ ಕುಂಕುಮ. ಕಂಡಕ್ಟರ್ ಬಗ್ಗಿ ನೋಡಿ, "ಏನಮ್ಮಾ, ದೇವ್ರ ತುಪ್ಪಾನಾ?" ಎಂದ. "ಅಲ್ಲರೀ, ಕಳೆ ಸಾಯಿಸೋ ಔಷಧಿ" ಎಂದೆ. ಮತ್ತೆ ಆ ಕಡೆ ಬರಲೇ ಇಲ್ಲ!

ಆದರೆ ಇಲ್ಲಿ ಅದಕ್ಕೆ ಸಿಕ್ಕ ಮರ್ಯಾದೆ ನೋಡಬೇಕಿತ್ತು. ನಮ್ಮ ಅತ್ತೆ ಸುಲೋಚನಮ್ಮನವರು ಎರಡೂ ಕೈಯಲ್ಲಿ ತೆಗೆದುಕೊಂಡು ಜಗಲಿಯ ಗೂಡಿನಲ್ಲಿಟ್ಟರು. ಬಂದವರಿಗೆಲ್ಲ ತೋರಿಸಿದರು: "ನಮ್ ಬೀಗರ ಅಂಗಡೀದು. ಈ ವರ್ಷದ ಮೊದಲ್ನೇ ಡಬ್ಬಿ. ಪೂಜೆ ಮಾಡಿ ಕಳ್ಸಿದಾರೆ." ನಾನು ಪಕ್ಕದಲ್ಲಿ ಎದೆಯುಬ್ಬಿಸಿಕೊಂಡು ನಿಂತಿದ್ದೆ, ಡಬ್ಬಿಯನ್ನು ನಾನೇ ಹೆತ್ತ ಹಾಗೆ.

ಈಗ ಇವತ್ತಿನ ಕಥೆ. ಅಡುಗೆ ಮನೆಯಲ್ಲಿದ್ದೆ. ಹೊಲದ ಕೆಲಸಕ್ಕೆ ಬರುವ ಯರ್ರಮ್ಮ ಹಿತ್ತಲಲ್ಲಿ ನಿಂತು ಕೂಗಿದಳು: "ಅಮ್ಮಯ್ಯಾ, ಚೇನುಕಿ ಮಂದು ಕೊಡ್ತಾ ಉಂಡಾರು!" ಇಲ್ಲಿ ಅರ್ಧ ಊರು ತೆಲುಗು. ನನಗೆ ಅರ್ಥವಾದದ್ದು ಇಷ್ಟು: ಹೊಲಕ್ಕೆ ಮಂದೆ ಕೊಟ್ಟಿದ್ದಾರೆ. ಕುರಿಮಂದೆ! ಮರಿಗಳು! ಕೈಯ ಹಿಟ್ಟು ತೊಳೆಯದೆ ಓಡಿದೆ. ಹುಣಸೆ ಮರದ ಕೆಳಗಿನ ರಾಗಿ ಹೊಲಕ್ಕೆ ಹೋಗಿ ನೋಡಿದರೆ ಒಂದು ಕುರಿಯೂ ಇಲ್ಲ. ವೀರೇಶ್ ಒಬ್ಬರೇ ಬೆನ್ನಿಗೆ ಪಂಪು ಕಟ್ಟಿಕೊಂಡು ನಿಮ್ಮ ಔಷಧಿ ಹೊಡೆಯುತ್ತಿದ್ದಾರೆ. ಮಂದು ಎಂದರೆ ತೆಲುಗಿನಲ್ಲಿ ಔಷಧಿಯಂತೆ! "ಕುರಿ ಎಲ್ಲಿ?" ಎಂದು ನಾನು ಕೇಳಿದ್ದಕ್ಕೆ ಇವರು ತಮ್ಮ ಎದೆ ಮುಟ್ಟಿ ತೋರಿಸಿದರು. ಸಂಜೆಯಿಂದ ಇಡೀ ಮನೆ "ಸೊಸಿ ಕುರಿ ನೋಡಾಕೆ ಹೋಗಿದ್ಲು" ಎಂದು ನಗುತ್ತಿದೆ.

(ಅಪ್ಪಾಜಿ, ಇನ್ನು ನಾಲ್ಕು ಸಾಲು ನೀವು ಓದಬೇಡಿ, ಅವ್ವನಿಗೆ ಮಾತ್ರ. ಅವ್ವಾ, ತಲೆಗೆ ಟವೆಲು, ಮೂಗಿಗೆ ನನ್ನ ಹಳದಿ ದುಪಟ್ಟಾ, ಬೆನ್ನಲ್ಲಿ ಪಂಪು. ಮದುವೆಯ ದಿನ ರೇಷ್ಮೆ ಅಂಗಿಯಲ್ಲಿ ಕಂಡದ್ದಕ್ಕಿಂತ ಈ ಅವತಾರದಲ್ಲೇ ಇವರು ಚೆಂದ ಕಂಡರು. ಯುದ್ಧಕ್ಕೆ ಹೊರಟ ರಾಜಕುಮಾರನ ಹಾಗೆ, ಶತ್ರು ಮಾತ್ರ ಕಳೆ. ಹೋಗಿ ತಬ್ಬಿಕೊಳ್ಳೋಣ ಎನ್ನಿಸಿತು. ಔಷಧಿ ಸೀರೆಗೆ ಹತ್ತುತ್ತದೆಂದು ಬಿಟ್ಟೆ.)

ಇವರು ಕೇಳಿದರು: "ಒಂದ್ ಪಂಪಿಗೆ ಎಷ್ಟು ಅಂತ ನಿಮ್ಮಪ್ಪ ಹೇಳಿದಾರಾ?" ನಾನು ಹೇಳಿದೆ, ನಮ್ಮ ಅಪ್ಪಾಜಿ ಹಾಗೆಲ್ಲ ಬಾಯಿಗೆ ಬಂದದ್ದು ಹೇಳುವವರಲ್ಲ, ಓದಿ ಹೇಳುವವರು ಎಂದು. ಚಿಕ್ಕವಳಿದ್ದಾಗ ಅಂಗಡಿಯ ಮೂಟೆಯ ಮೇಲೆ ಕೂತು ನೋಡುತ್ತಿದ್ದೆನಲ್ಲ. ಕನ್ನಡಕ ಏರಿಸಿ, ಡಬ್ಬಿಯನ್ನು ಬೆಳಕಿಗೆ ಹಿಡಿದು, ತುಟಿಯಲ್ಲೇ ಓದಿಕೊಂಡು, ಆಮೇಲೆ ತಲೆ ಎತ್ತಿ, "ಪಂಪಿಗೆ ಎರಡು ಮುಚ್ಚಳ" ಎನ್ನುತ್ತಿದ್ದಿರಿ. ರೈತರು ಕೈ ಮುಗಿಯುತ್ತಿದ್ದರು. ಇಡೀ ಚಳ್ಳಕೆರೆಯಲ್ಲಿ ನಿಮ್ಮ ಹಾಗೆ ಲೇಬಲ್ ಓದಿ ಹೇಳುವವರು ಯಾರಿದ್ದಾರೆ!

ಇಬ್ಬರಿಗೂ ಸಾವಿರ ನಮಸ್ಕಾರ.
ನಿಮ್ಮ ಕುರಿ,
ದಾಕ್ಷಿ


ಚಳ್ಳಕೆರೆ
25-8-99

ಸೌಭಾಗ್ಯವತಿ ದಾಕ್ಷಾಯಿಣಿಗೆ,

ಪತ್ರ ತಲುಪಿತು. ನಿಮ್ಮವ್ವ ಎರಡು ಸಲ ಓದಿದಳು. ಓದಬೇಡಿ ಎಂದಿದ್ದ ಸಾಲುಗಳನ್ನು ನಾನು ಓದಲಿಲ್ಲ.

ಪಂಪಿಗೆ ಎರಡು ಮುಚ್ಚಳ ಸಾಕು. ಮೂರು ಹಾಕಿದರೆ ರಾಗಿಯೂ ಬಾಡುತ್ತದೆ ಎಂದು ಅಳಿಯಂದಿರಿಗೆ ಹೇಳು. ಗಾಳಿ ಇದ್ದಾಗ ಹೊಡೆಯಬಾರದು. ಹೊಡೆದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು.

ಬೀಗರ ಮನೆಯಲ್ಲಿ ಡಬ್ಬಿಗೆ ಮರ್ಯಾದೆ ಸಿಕ್ಕಿದ್ದು ಕೇಳಿ ಸಂತೋಷವಾಯಿತು. ಅಂಗಡಿಯಲ್ಲಿ ಜನ ಇದ್ದಾರೆ. ನಿಲ್ಲಿಸುತ್ತೇನೆ.

ಆಶೀರ್ವಾದಗಳು.
ಜಂಬುಲಿಂಗಪ್ಪ


ಸಿದ್ದಾಪುರ
11 ಸೆಪ್ಟೆಂಬರ್ 1999

ಪ್ರೀತಿಯ ಅಪ್ಪಾಜಿ,

ನಿಮ್ಮ ಕಾರ್ಡು ನನ್ನ ಟ್ರಂಕಿನಲ್ಲಿದೆ. ಹನ್ನೊಂದು ಸಾಲು! ಕಾನ್ವೆಂಟಿನಲ್ಲಿದ್ದಾಗ ಮನಿಯಾರ್ಡರ್ ಫಾರಂನ ತುದಿಯಲ್ಲಿ "ಚೆನ್ನಾಗಿ ಓದು" ಎಂದಷ್ಟೇ ಬರೆಯುತ್ತಿದ್ದವರು ನೀವು. ಪ್ರಗತಿ ಕಾಣುತ್ತಿದೆ.

ನಾಳೆ ಗೌರಿ ಹಬ್ಬ. ಮೊದಲ ಬಾಗಿನ ನನ್ನದೇ ಆದ್ದರಿಂದ ಮನೆಯಲ್ಲಿ ನಾನೇ ಗೌರಿ. ಕಳೆದ ವಾರ ಇವರು ಸ್ಕೂಟರಿನಲ್ಲಿ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದರು. ಅಶೋಕನ ಬಂಡೆಯ ಮುಂದೆ ನಿಲ್ಲಿಸಿ, "ಓದು ನೋಡಣ, ಕಾನ್ವೆಂಟು!" ಎಂದರು. ಒಂದು ಅಕ್ಷರವಾದರೂ ಗೊತ್ತಾದರೆ ತಾನೇ? ಅಲ್ಲೇ ಮೇಕೆ ಮೇಯಿಸುತ್ತಿದ್ದ ಒಬ್ಬಳು ಹೇಳಿದಳು, "ಅದ್ರಾಗೆ ಅಪ್ಪ ಅವ್ವನ ಮಾತು ಕೇಳ್ಬೇಕು, ಜೀವ ಇರೋವಕ್ಕೆ ಕರುಣೆ ತೋರಿಸ್ಬೇಕು ಅಂತ ಬರ್ದೈತಂತೆ." ಓದು ಬಾರದವಳಿಗೆ ಗೊತ್ತಿದೆ, ಬಿ.ಎ. ಮಾಡಿದ ನನಗಿಲ್ಲ!

ಒಂದೇ ಬೇಸರದ ಸುದ್ದಿ. ಕಳೆಯೆಲ್ಲ ಸುಟ್ಟು ಹೊಲ ಬಾಚಿದ ಹಾಗೆ ಚೆಂದವಾಗಿತ್ತು. ಆದರೆ ತೆನೆ ಬರುವ ಹೊತ್ತಿಗೆ ಮಳೆ ಕೈಕೊಟ್ಟಿತು. ಅತ್ತೆ ನಿನ್ನೆ ಹೊಲಕ್ಕೆ ಹೋಗಿ ಒಂದು ಗಿಡ ಕಿತ್ತು ತಂದರು. ನನ್ನ ಕೈಗೆ ಕೊಟ್ಟು, "ಇದ್ರಾಗೆ ಕಾಳು ಕಟ್ಟಲ್ಲ. ಆದ್ರೆ ಹಸಿರೈತೆ ನೋಡು, ಮೇವಿಗಾಗುತ್ತೆ" ಎಂದರು. ಅಳಲಿಲ್ಲ, ಕೊರಗಲಿಲ್ಲ. ಮಾವನವರು ಹೋದ ಮೇಲೆ ಹತ್ತು ವರ್ಷ ಹೊಲ ನಡೆಸಿದವರು. ಅದೇ ಸಂಜೆ ದೇವಸಮುದ್ರಕ್ಕೆ ಹೇಳಿಕಳಿಸಿದರು: ರಾಗಿ ನಿಮ್ಮ ಕುರಿಗೆ, ಗೊಬ್ಬರ ನಮ್ಮ ಹೊಲಕ್ಕೆ.

ಹಾಗಾಗಿ ಮಂದೆ ನಿಜವಾಗಿಯೂ ಬರುತ್ತಿದೆ! ಚಿಕ್ಕೀರಪ್ಪ ಅಂತ, ಅವನ ಹೆಂಡತಿ ಜಯಕ್ಕ. ಇನ್ನೂರು ಕುರಿ. ಅವುಗಳಲ್ಲಿ ನಲವತ್ತು ಗಬ್ಬದ್ದಂತೆ. ಹಗಲು ಮೇಯುತ್ತವೆ, ಕತ್ತಲಾದರೆ ಅದೇ ಹೊಲದಲ್ಲಿ ಬೇಲಿ ಕಟ್ಟಿ ಮಲಗಿಸುತ್ತಾರೆ. ಚಿಕ್ಕೀರಪ್ಪ ಬೇರೆ ಎರಡು ಕಡೆಯ ಕರೆ ಬಿಟ್ಟು ನಮ್ಮ ಅತ್ತೆಯ ಮಾತಿಗೆ ಒಪ್ಪಿದ್ದಾನೆ. "ಸುಲೋಚನಮ್ಮ ಕೊಟ್ಟ ಮಾತಿಗೆ ಪತ್ರ ಬೇಕಾಗಿಲ್ಲ" ಎಂದನಂತೆ. ಕೇಳಿ ನನಗೆ ಎಂಥ ಹೆಮ್ಮೆ! ನಾನು ಸೇರಿದ್ದು ಎಂಥ ಮನೆ ನೋಡಿ.

ಮರಿ ಹುಟ್ಟಿದರೆ ಒಂದಕ್ಕೆ ನಿಮ್ಮ ಹೆಸರಿಡುತ್ತೇನೆ.
ನಿಮ್ಮ ಗೌರಿ,
ದಾಕ್ಷಿ


ಸಿದ್ದಾಪುರ
20 ಸೆಪ್ಟೆಂಬರ್ 1999, ಬೆಳಿಗ್ಗೆ

ಅಪ್ಪಾಜಿ,

ಇದನ್ನು ಅಂಚೆಗೆ ಹಾಕುವುದಿಲ್ಲ. ಎಂಟು ಗಂಟೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ, ಮಧ್ಯಾಹ್ನದೊಳಗೆ ಅಂಗಡಿಗೆ ತಲುಪಿಸುತ್ತಾನೆ. ದಯವಿಟ್ಟು ಸಂಜೆಯ ಬಸ್ಸಿಗೇ ಉತ್ತರ ಕಳಿಸಿ.

ಯರ್ರಮ್ಮ ಹಿತ್ತಲಲ್ಲಿ ಏನೋ ತಿಕ್ಕುತ್ತಿದ್ದಳು. ನಿಮ್ಮ ಡಬ್ಬಿ. ಖಾಲಿಯಾಗಿದೆ, ಹೊಲಕ್ಕೆ ಮಜ್ಜಿಗೆ ಒಯ್ಯಲು ಚೆನ್ನಾಗಿರುತ್ತದೆ ಎಂದು ಬೂದಿ ಹಾಕಿ ಉಜ್ಜುತ್ತಿದ್ದಳು. ವಿಭೂತಿ, ಕುಂಕುಮ ಎಲ್ಲ ಹೋಗಿ ಲೇಬಲ್ ಹೊಳೆಯುತ್ತಿತ್ತು. ಕೈಗೆ ಸಿಕ್ಕಿದ್ದನ್ನೆಲ್ಲ ಓದುವುದು ನನ್ನ ಚಟ, ನಿಮಗೆ ಗೊತ್ತಲ್ಲ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಓದಿದೆ.

ನೀವು ಎಳೆದ ಮೂರು ಗೆರೆಗಳಲ್ಲಿ ಕೆಳಗಿನ ಗೆರೆ ಇದ್ದ ಜಾಗದಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಒಂದು ಸಾಲಿದೆ. ಕನ್ನಡದಲ್ಲಿ ಹೀಗಾಗುತ್ತದೆ: ಈ ಔಷಧಿ ಹೊಡೆದ ಬೆಳೆಯನ್ನು ಬಲಿತ ಮೇಲೆ ಕಾಳಿಗಾಗಿ ಕೊಯ್ಯಬಹುದು. ಆದರೆ ಹೊಡೆದ ದಿನದಿಂದ ನಲವತ್ತೈದು ದಿನ ಆ ಹೊಲದಲ್ಲಿ ದನ ಕುರಿ ಮೇಯಿಸಬಾರದು, ಅದರ ಹಸಿಮೇವನ್ನು ಕೊಯ್ದು ಹಾಕಲೂ ಬಾರದು.

ಅದರ ಕೆಳಗೆ, ಖಾಲಿ ಡಬ್ಬಿಯನ್ನು ಮತ್ತೆ ಬಳಸಬಾರದು ಎಂದೂ ಇದೆ. ಯರ್ರಮ್ಮನ ಕೈಯಿಂದ ಕಿತ್ತುಕೊಂಡೆ. ಅವಳಿಗೆ ಕೋಪ ಬಂದಿದೆ.

ಕಾಳಿಗೆಂದು ಬೆಳೆದಾಗ ಇದು ಯಾರಿಗೂ ಬೇಕಾಗಿರಲಿಲ್ಲ, ಅಲ್ಲವೇ? ಕೊಯ್ಲಿನ ಹೊತ್ತಿಗೆ ನಲವತ್ತೈದು ದಿನ ತಾನಾಗಿಯೇ ಕಳೆದಿರುತ್ತಿತ್ತು. ಈಗ ಬೆಳೆ ಮೇವಾಗಿದೆ. ಮಂದೆ ನಿನ್ನೆ ಸಂಜೆ ಬಂದು ಗುಡ್ಡದ ಮಗ್ಗುಲಲ್ಲಿ ನಿಂತಿದೆ. ನಾಳೆ ಬೆಳಿಗ್ಗೆ ಹೊಲದ ಬೇಲಿ ತೆಗೆಯುತ್ತಾರೆ.

ವೀರೇಶ್‌ಗೆ ಮಾತ್ರ ತೋರಿಸಿದೆ. ಇವರು ಬೆರಳಿಟ್ಟು ಒಂದೊಂದೇ ಪದ ಕೂಡಿಸಿ ಓದಿದರು. ಆಮೇಲೆ, "ಮೊದ್ಲು ನಿಮ್ಮಪ್ಪಾಜಿಗೆ ಒಂದ್ ಮಾತು ಕೇಳು. ಅವ್ರು ಓದಿರ್ತಾರೆ. ನಾವು ಬಾಯಿ ಬಿಟ್ಟು ಅವ್ರ ಹೆಸರು ಕೆಡೋದು ಬ್ಯಾಡ" ಎಂದರು.

ಅದಕ್ಕೇ ಕೇಳುತ್ತಿದ್ದೇನೆ. ನೀವು ಓದಿದ್ದೀರಲ್ಲ? ರಾಗಿಗೆ ಇದು ಅನ್ವಯಿಸುವುದಿಲ್ಲ ಎಂದೋ, ನಾನು ತಪ್ಪು ತಿಳಿದಿದ್ದೇನೆ ಎಂದೋ ಒಂದು ಸಾಲು ಬರೆಯಿರಿ, ಸಾಕು. ನಾನು ಡಬ್ಬಿ ಹೂತು ಬಾಯಿ ಮುಚ್ಚಿಕೊಳ್ಳುತ್ತೇನೆ. ಇಲ್ಲವಾದರೆ ನಾಳೆ ಅತ್ತೆಯ ಮುಂದೆ ನಾನು ಏನು ಹೇಳಲಿ? ಆ ಡಬ್ಬಿ ನಿಮ್ಮ ಹೆಸರಿನಲ್ಲಿ ಈ ಮನೆಗೆ ಬಂದದ್ದು.

ದಾಕ್ಷಿ


ಸಿದ್ದಾಪುರ
21 ಸೆಪ್ಟೆಂಬರ್ 1999, ಸಂಜೆ

ಅಪ್ಪಾಜಿ,

ನಿನ್ನೆ ಸಂಜೆಯ ಬಸ್ಸಿಗೆ ವೀರೇಶ್ ಕಾದರು. ಕಂಡಕ್ಟರ್, "ಕಾಗದ ಕೊಟ್ಟೆ. ಯಜಮಾನ್ರು ಓದಿ ಒಳಗೆ ಹೋದ್ರು, ಏನೂ ಹೇಳ್ಲಿಲ್ಲ" ಎಂದನಂತೆ. ಇವತ್ತು ಬೆಳಗಿನ ಬಸ್ಸಿನಲ್ಲೂ ಏನೂ ಬರಲಿಲ್ಲ.

ನಾನು ಹೇಳಿಬಿಟ್ಟೆ. ಬೇರೆಯವರ ಬಾಯಿಂದ ನಿಮಗೆ ತಲುಪುವುದು ಬೇಡ, ನಾನೇ ಬರೆಯುತ್ತೇನೆ.

ಏಳು ಗಂಟೆಗೆ ಚಿಕ್ಕೀರಪ್ಪ, ಜಯಕ್ಕ ಬಾಗಿಲಿಗೆ ಬಂದರು. ಅವನ ಹೆಗಲ ಮೇಲೆ ಕಂಬಳಿ, ಅವಳ ತೋಳಲ್ಲಿ ಗುಡ್ಡದ ಮೇಲೆ ಈದ ಮರಿ. "ಬೇಲಿ ತೆಗೀಲಾ ಅಮ್ಮಾರೇ?" ಎಂದು ಕೇಳಿದ. ಅತ್ತೆ "ಹೂಂ" ಎನ್ನುವ ಮೊದಲೇ ನಾನು "ಬೇಡ" ಎಂದೆ. ಸೊಸೆಯಾಗಿ ಬಂದ ಮೇಲೆ ಹೊರಗಿನ ಗಂಡಸಿನ ಮುಂದೆ ನಾನು ಆಡಿದ ಮೊದಲ ಮಾತು ಅದು.

ಲೇಬಲ್ ಓದಿ ಅರ್ಥ ಹೇಳಿದೆ. ಚಿಕ್ಕೀರಪ್ಪ ಪೂರ್ತಿ ಕೇಳಿಸಿಕೊಂಡು, "ತಿಂದ್ರೆ ಸಾಯ್ತಾವಾ?" ಎಂದ.

"ಗೊತ್ತಿಲ್ಲ. ಸಾಯುತ್ತವೆ ಅಂತ ಬರೆದಿಲ್ಲ. ಮೇಯಿಸಬಾರದು ಅಂತ ಬರೆದಿದೆ."

"ಗೊತ್ತಿಲ್ಲ ಅಂತ ಹೇಳಾಕೆ ಇಷ್ಟೊಂದು ಇಂಗ್ಲೀಷ್ ಓದಿದ್ಯಾ ತಾಯಿ?"

ಜಯಕ್ಕ ಮರಿಯ ಬೆನ್ನು ಸವರುತ್ತ, "ಔಷಧಿ ಅಂದ್ರೆ ಒಳ್ಳೇದಲ್ವೇನ್ರಿ? ನಾವು ಕುರಿಗೆ ಔಷಧಿ ಕುಡಿಸಲ್ವಾ?" ಎಂದಳು. ಕುಡಿಸುವುದಕ್ಕೂ ಔಷಧಿ, ಕೊಲ್ಲುವುದಕ್ಕೂ ಔಷಧಿ. ಯರ್ರಮ್ಮನ ಭಾಷೆಯಲ್ಲೂ ಎರಡಕ್ಕೂ ಮಂದು. "ಇದು ಆ ಔಷಧಿ ಅಲ್ಲ ಜಯಕ್ಕ, ಗಿಡಕ್ಕೆ ಇದು ವಿಷ" ಎಂದೆ.

ಆಗ ಅತ್ತೆ ನನ್ನ ಕಡೆ ತಿರುಗಿ ಬಹಳ ನಿಧಾನವಾಗಿ ಕೇಳಿದರು: "ನಿಮ್ಮಪ್ಪ ವಿಭೂತಿ ಹಚ್ಚಿ ಕಳ್ಸಿದ್ದು ವಿಷಾನಾ?"

ಅಪ್ಪಾಜಿ, ಆ ಮಾತು ನನಗೆ ಚುಚ್ಚಿದ್ದಕ್ಕಿಂತ ನಿಮಗೆ ಹೆಚ್ಚು ಚುಚ್ಚುತ್ತದೆ ಎಂದು ಗೊತ್ತು. ಆದರೂ "ಹೌದು ಅತ್ತೆ" ಎಂದೆ.

ಅತ್ತೆ ಒಳಗೆ ಹೋಗಲಿಲ್ಲ, ಕೂಗಾಡಲೂ ಇಲ್ಲ. "ನಾನು ಮಾತು ಕೊಟ್ಟು ಕರೆಸಿದೀನಿ. ಇನ್ನೂರು ಹೊಟ್ಟೆ ಬಂದು ನಿಂತಾವೆ. ಈಗ ಏನ್ ಮಾಡ್ಲಿ, ಅದನ್ನೂ ಓದಿ ಹೇಳು" ಎಂದರು. ವೀರೇಶ್ ಎದ್ದು ನನ್ನ ಪಕ್ಕಕ್ಕೆ ಬಂದು, "ಅವ್ವಾ, ಅವ್ಳು ಓದಿದ್ದು ನಾನೂ ನೋಡೀನಿ. ನಲವತ್ತೈದು ಆಗೋವರ್ಗೂ ಬೇಲಿ ತೆಗಿಯಲ್ಲ" ಎಂದರು.

ಆದರೆ ನಲವತ್ತೈದು ಯಾವತ್ತಿನಿಂದ? ನಾನು ಬಂದ ಮರುದಿನವೇ ಹೊಡೆದದ್ದು, ಇನ್ನೊಂದೇ ವಾರ ಉಳಿದಿದೆ ಎನ್ನುತ್ತಾರೆ ಅತ್ತೆ. ಇಲ್ಲ, ನಾಗರ ಪಂಚಮಿ ಆದ ಮೇಲೆ ಎನ್ನುತ್ತಾರೆ ಇವರು. "ಹೊಡ್ದ ದಿನಾನೇ ನೆನಪಿಲ್ದೋರು ನಮಗೆ ಲೆಕ್ಕ ಹೇಳ್ತೀರಾ?" ಎಂದ ಚಿಕ್ಕೀರಪ್ಪ. "ನಲವತ್ತು ಕುರಿ ಗಬ್ಬ ಅವೆ. ಒಂದ್ ದಿನ ಹಿಂದೆ ಮುಂದೆ ಆದ್ರೂ ನಂದೇ ಹೋಗೋದು. ನಾಳೆ ಮಧ್ಯಾಹ್ನ ನೋಡ್ತೀನಿ. ಮೇವಿಗೆ ದಾರಿ ಆಗ್ಲಿಲ್ಲ ಅಂದ್ರೆ ಮಂದೆ ತಿರುಗಿಸ್ತೀನಿ. ಸುಲೋಚನಮ್ಮನ ಮಾತು ಏನಾತು ಅಂತ ದೇವಸಮುದ್ರದಾಗೆ ಕೇಳಿದ್ರೆ ಇದ್ದದ್ದು ಇದ್ದಂಗೆ ಹೇಳ್ತೀನಿ."

ಔಷಧಿ ಹೊಡೆದ ದಿನ ನಿಮಗೆ ಒಂದು ಪತ್ರ ಬರೆದಿದ್ದೆ, ಕುರಿ ನೋಡಲು ಓಡಿದ ಕಥೆ. ಅದರ ಮೇಲೆ ತಾರೀಕಿದೆ. ಇನ್ನೂ ಇದೆಯೇ, ಎಸೆದಿದ್ದೀರಾ? ಇದ್ದರೆ ತಾರೀಕು ಮಾತ್ರ ಬರೆದು ಕಳಿಸಿ. ಬೇರೇನೂ ಬರೆಯದಿದ್ದರೂ ಪರವಾಗಿಲ್ಲ. ನಸುಕಿನ ಐದು ಗಂಟೆಯ ಮೊದಲ ಬಸ್ಸಿಗೆ ಇದನ್ನು ಕೊಡುತ್ತೇನೆ.

ನನ್ನ ಮೇಲೆ ಕೋಪವೇ?

ದಾಕ್ಷಿ


ಸಿದ್ದಾಪುರ
24 ಸೆಪ್ಟೆಂಬರ್ 1999

ಪ್ರೀತಿಯ ಅವ್ವಾ,

ಅಪ್ಪಾಜಿ ಮನೆಗೆ ಬಂದು ನಿನಗೆ ಏನು ಹೇಳಿದರೋ ಗೊತ್ತಿಲ್ಲ. ಏನೂ ಹೇಳಿರುವುದಿಲ್ಲ, ನನಗೆ ಗೊತ್ತು. ನಾನೇ ಹೇಳುತ್ತೇನೆ, ಕೂತುಕೋ.

ಮೊನ್ನೆ ಮಧ್ಯಾಹ್ನ ಚಿಕ್ಕೀರಪ್ಪ ಕಂಬಳಿ ಕೊಡವಿ ಎದ್ದಿದ್ದ. ಜಯಕ್ಕ ಮರಿಗಳನ್ನು ಬುಟ್ಟಿಗೆ ತುಂಬುತ್ತಿದ್ದಳು. ಅಷ್ಟರಲ್ಲಿ ರಸ್ತೆಯ ಕಡೆಯಿಂದ ಟ್ರ್ಯಾಕ್ಟರ್ ಸದ್ದು. ಟ್ರೇಲರಿನ ತುಂಬ, ಮನೆಯೆತ್ತರ ಒಣ ಶೇಂಗಾ ಹೊಟ್ಟು. ಅದರ ಮೇಲೆ, ಕಚ್ಚೆ ಪಂಚೆ, ಕರಿ ಕೋಟಿನಲ್ಲಿ, ಮೈತುಂಬ ಧೂಳು ಮೆತ್ತಿಕೊಂಡು ನಮ್ಮ ಅಪ್ಪಾಜಿ! ಮದುವೆಗೆ ಬಂದಾಗಲೂ ಅಷ್ಟು ಎತ್ತರದಲ್ಲಿ ಕೂತಿರಲಿಲ್ಲ.

ಇಳಿದವರು ನನ್ನ ಕಡೆ ನೋಡಲಿಲ್ಲ. ನೇರವಾಗಿ ಅತ್ತೆಯ ಮುಂದೆ ನಿಂತು ಕೈ ಮುಗಿದರು. ಕೋಟಿನ ಒಳಜೇಬಿನಿಂದ ನನ್ನ ಪತ್ರ ತೆಗೆದರು. ಮಡಿಕೆ ಬಿದ್ದಲ್ಲಿ ಸವೆದು ಹೋಗಿತ್ತು, ಅವ್ವಾ. ಎಷ್ಟು ಸಲ ಬಿಚ್ಚಿದ್ದರೋ.

"ಔಷಧಿ ಹೊಡ್ದ ದಿನ ಇದ್ರಾಗೈತೆ" ಎಂದು ತಾರೀಕು ಓದಿದರು. ಅಷ್ಟಕ್ಕೆ ನಿಲ್ಲಿಸಬಾರದಿತ್ತೇ? ಚಿಕ್ಕೀರಪ್ಪ ಬಿಡಲಿಲ್ಲ. "ತಾರೀಕು ಯಾರು ಬೇಕಾದ್ರೂ ಬರೀಬಹುದು ಸಾವ್ಕಾರ್ರೆ. ಔಷಧಿ ವಿಷ್ಯ ಎಲ್ಲೈತೆ, ಪೂರ್ತಿ ಓದ್ರಿ." ಅಪ್ಪಾಜಿ ಕನ್ನಡಕ ಏರಿಸಿ ಓದತೊಡಗಿದರು. ಅಂಗಡಿಯಲ್ಲಿ ಗಿರಾಕಿಗೆ ಓದಿ ಹೇಳುವ ಧ್ವನಿಯಲ್ಲಿ, ಒಂದಕ್ಷರ ಬಿಡದೆ! ಕಂಡಕ್ಟರು, ತುಪ್ಪ, ಮಂದು, ಮಂದೆ. ಯರ್ರಮ್ಮ ಬಾಯಿಗೆ ಸೆರಗು ಹಿಡಿದಳು. ನಾನು "ಅಪ್ಪಾಜಿ, ಸಾಕು, ಸಾಕು" ಎನ್ನುತ್ತಿದ್ದೇನೆ. ಆಗಲೇ ನಿನಗೆ ಮಾತ್ರ ಎಂದು ಬರೆದಿದ್ದ ಸಾಲುಗಳಿಗೆ ಬಂದುಬಿಟ್ಟರು. ರಾಜಕುಮಾರ. ಯುದ್ಧ. ತಬ್ಬಿಕೊಳ್ಳೋಣ ಎನ್ನಿಸಿತು. ಅಲ್ಲಿ ಅಪ್ಪಾಜಿ ನಿಂತು, ಕೆಮ್ಮಿ, ಮುಂದಿನದನ್ನೂ ಓದಿಯೇಬಿಟ್ಟರು: "ಔಷಧಿ ಸೀರೆಗೆ ಹತ್ತುತ್ತದೆಂದು ಬಿಟ್ಟೆ."

ಹಟ್ಟಿಯೇ ನಕ್ಕಿತು ಅವ್ವಾ. ವೀರೇಶ್ ಹುಣಸೆ ಮರದ ಹಿಂದೆ ಹೋಗಿ ನಿಂತರು. ಜಯಕ್ಕ ನಕ್ಕು ನಕ್ಕು ಕೂತೇಬಿಟ್ಟಳು. "ಇಂಥಾ ಸುಳ್ಳು ಯಾರೂ ಕಟ್ಟಿ ಬರಿಯಲ್ಲ ಬಿಡ್ರಿ, ತಾರೀಕು ಖರೇವೇ" ಎಂದಳು. ಚಿಕ್ಕೀರಪ್ಪ ಬೆರಳು ಮಡಿಸಿ ಎಣಿಸಿದ. ಅಪ್ಪಾಜಿ ಎಣಿಸಿದರು. ಇಬ್ಬರದೂ ಒಂದೇ ಆಯಿತು: ಅಕ್ಟೋಬರ್ ಮೂರು. ಅಲ್ಲಿಯವರೆಗೆ ಟ್ರೇಲರಿನ ಹೊಟ್ಟು ಮಂದೆಗೆ.

ನಗು ನಿಂತ ಮೇಲೆ ಅತ್ತೆ ಕೇಳಿದರು, "ಬೀಗರೇ, ಒಂದ್ ಮಾತು. ನೀವು ಓದಿ ಕಳ್ಸಿದ್ರೋ, ಓದ್ದೇ ಕಳ್ಸಿದ್ರೋ?"

ಅಪ್ಪಾಜಿ ಕನ್ನಡಕ ತೆಗೆದರು. "ಓದ್ಲಿಲ್ಲ ತಾಯಿ. ತಪ್ಪು ನಂದು. ನನ್ ಮಗಳು ಓದಿದ್ದೇ ಸರಿ" ಎಂದರು. ಕುರಿ ಕಾಯುವವರು, ಕೂಲಿಯವರು, ಊರಿನವರು, ಎಲ್ಲರ ಮುಂದೆ.

ಅತ್ತೆ "ಒಳಗೆ ಬರ್ರಿ, ರೊಟ್ಟಿ ಆಗೈತೆ" ಎಂದಷ್ಟೇ ಹೇಳಿದರು. ಆದರೆ ರೊಟ್ಟಿಗೆ ಬೆಣ್ಣೆ ಹಾಕಿದ ರೀತಿ ನೋಡಿದರೆ ಅವರ ಮನಸ್ಸು ನಿನಗೆ ಗೊತ್ತಾಗುತ್ತಿತ್ತು.

ಅಪ್ಪಾಜಿ ಊಟ ಮಾಡಿದರು. ಡಬ್ಬಿ ಎಲ್ಲಿ ಎಂದು ಕೇಳಿದರು. ಅದರ ಲೇಬಲನ್ನು ನೀರಲ್ಲಿ ನೆನೆಸಿ, ಹರಿಯದ ಹಾಗೆ ಬಿಡಿಸಿ, ಆರಿಸಿ, ಜೇಬಿಗಿಟ್ಟುಕೊಂಡರು. ಡಬ್ಬಿಗೆ ತಾವೇ ತೂತು ಹೊಡೆದು ದೂರದಲ್ಲಿ ಹೂಳಿಸಿದರು. ಸಂಜೆಯ ಬಸ್ಸಿಗೆ ಹೋದರು. ನನ್ನ ಹತ್ತಿರ ಒಂದೇ ಒಂದು ಮಾತೂ ಆಡಲಿಲ್ಲ, ಅವ್ವಾ. ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದರು. ಅದು ಕೋಪವೋ ಏನೋ ನನಗೆ ತಿಳಿಯಲಿಲ್ಲ.

ಅವರು ಯಾಕೆ ಓದಲಿಲ್ಲ? ಯಾವಾಗಲೂ ಓದುತ್ತಿದ್ದರಲ್ಲ? ನೀನಾದರೂ ಕೇಳು.

ನಿನ್ನ
ದಾಕ್ಷಿ


ಸಿದ್ದಾಪುರ
5 ಅಕ್ಟೋಬರ್ 1999

ಪ್ರೀತಿಯ ಅಪ್ಪಾಜಿ,

ಭಾನುವಾರ ಬೆಳಿಗ್ಗೆ, ಅಂದರೆ ಮೂರನೇ ತಾರೀಕು, ಬೇಲಿಯ ಹತ್ತಿರ ಇಡೀ ಊರು ಸೇರಿತ್ತು. ಹಿಂದಿನ ವಾರ ಬಿದ್ದ ಒಂದು ಮಳೆಗೆ ರಾಗಿ ಮತ್ತೆ ಹಸಿರಾಗಿದೆ. ಚಿಕ್ಕೀರಪ್ಪ ಬೇಲಿಗೆ ಕೈ ಹಾಕಿದವನು ನಿಂತು, ನನ್ನ ಕಡೆ ತಿರುಗಿ, "ಏನ್ ತಾಯಿ, ಇವತ್ತು ನಿನ್ ಇಂಗ್ಲೀಷ್ ಏನಂತೈತೆ?" ಎಂದ.

"ನಲವತ್ತೈದು ತುಂಬ್ತು ಚಿಕ್ಕೀರಪ್ಪ. ಆದ್ರೂ ಇವತ್ತೊಂದು ದಿನ ಬಿಡು, ನಾಳೆ ತೆಗೆ" ಎಂದೆ.

ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಅತ್ತೆಯ ಕಡೆ ನೋಡಿದ. ಅತ್ತೆ, "ಸೊಸಿ ಹೇಳಿದ್ ಮೇಲೆ ಆತು" ಎಂದರು. ಕೇಳಿದಿರಾ ಅಪ್ಪಾಜಿ? ಹೇಳಿದ್ ಮೇಲೆ ಆತು! ನಾನು ಅಡುಗೆ ಮನೆಗೆ ಹೋಗಿ ಒಬ್ಬಳೇ ಕುಣಿದೆ.

ನಿನ್ನೆ ಮಂದೆ ಒಳಗೆ ಬಂತು. ಇನ್ನೂರು ಬಾಯಿ ಒಟ್ಟಿಗೆ ಹಸಿರು ತರಿಯುವ ಸದ್ದು ಜೋರು ಮಳೆ ಬಂದ ಹಾಗೆ ಕೇಳುತ್ತದೆ. ಹನ್ನೆರಡು ಮರಿ ಹುಟ್ಟಿವೆ, ಎಲ್ಲವೂ ಗಟ್ಟಿ. ನೆತ್ತಿಯ ಮೇಲೆ ಬಿಳಿ ಪಟ್ಟೆ ಇರುವ ಒಂದಕ್ಕೆ ಜಂಬುಲಿಂಗ ಎಂದೇ ಕರೆಯುತ್ತಿದ್ದೇವೆ. ಕ್ಷಮಿಸಿ. ಜಯಕ್ಕ ಇಟ್ಟ ಹೆಸರು, ನಾನಲ್ಲ. (ನಾನೇ.)

ಪಕ್ಕದ ಊರುಗಳಿಂದಲೂ ಬಂದು ಕೇಳುತ್ತಿದ್ದಾರೆ. ಯಾವ ಔಷಧಿ, ಎಷ್ಟು ದಿನ, ಎಮ್ಮೆಗೆ ಹಾಕಬಹುದೇ ಎಂದು. ಖಾಲಿ ಡಬ್ಬಿ, ಹರಿದ ಲೇಬಲ್ ತರುತ್ತಾರೆ. ಎಲ್ಲದರ ಮೇಲೂ ಒಂದೇ ಮಾತಿಲ್ಲ. ಒಂದರ ಮೇಲೆ ಏಳು ದಿನ, ಒಂದರ ಮೇಲೆ ಮೂವತ್ತು, ಇನ್ನೊಂದರ ಮೇಲೆ ಮೇವಿಗೆ ಬೇಡವೇ ಬೇಡ ಎಂದಿದೆ. ಒಂದನ್ನು ನೋಡಿ ಇನ್ನೊಂದಕ್ಕೆ ಹೇಳುವ ಹಾಗಿಲ್ಲ. ಜಗಲಿಯಲ್ಲಿ ಕೂತು ಓದಿ ಹೇಳುತ್ತೇನೆ. ಕನ್ನಡಕ ಒಂದಿಲ್ಲ, ಉಳಿದಂತೆ ನಿಮ್ಮ ಹಾಗೆಯೇ.

ಎಲ್ಲ ಬರೆದೆ. ಕೇಳಬೇಕಾದ್ದನ್ನು ಕೇಳಲು ಧೈರ್ಯ ಬರುತ್ತಿಲ್ಲ. ನಾನು ಎಲ್ಲರ ಮುಂದೆ "ಹೌದು, ವಿಷ" ಎಂದದ್ದು ತಪ್ಪಾಯಿತೇ? ಒಂದು ಸಾಲು ಬರೆಯಿರಿ. ಬೇಕಾದರೆ "ಚೆನ್ನಾಗಿ ಓದು" ಎಂದೇ ಬರೆಯಿರಿ.

ನಿಮ್ಮ
ದಾಕ್ಷಿ


ಚಳ್ಳಕೆರೆ
14-10-99

ಚಿರಂಜೀವಿ ದಾಕ್ಷಿಗೆ,

ನಿನ್ನ ಎಲ್ಲ ಪತ್ರಗಳೂ ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರಿನಲ್ಲಿವೆ. ತಾರೀಕಿನ ಪ್ರಕಾರ ಜೋಡಿಸಿದ್ದೇನೆ. ಒಂದನ್ನೂ ಎಸೆದಿಲ್ಲ.

ನೀನು ಕೇಳಿದ್ದಕ್ಕೆ ನೇರವಾಗಿ ಬರೆಯುತ್ತೇನೆ. ಇದನ್ನು ನಿಮ್ಮವ್ವನಿಗೂ ಹೇಳಿರಲಿಲ್ಲ, ಈಗ ಹೇಳಿದೆ. ನನಗೆ ಇಂಗ್ಲೀಷ್ ಓದಲು ಬರುವುದಿಲ್ಲ. ನಾನು ಓದಿದ್ದು ನಾಲ್ಕನೇ ಇಯತ್ತೆ, ಕನ್ನಡ ಶಾಲೆ. ಇಪ್ಪತ್ತಾರು ವರ್ಷದಿಂದ ಡಬ್ಬಿಯ ಮೇಲೆ ಓದುತ್ತಿದ್ದದ್ದು ಅಂಕಿಗಳನ್ನು ಮಾತ್ರ. ಎಷ್ಟು ಮಿಲಿ, ಎಷ್ಟು ಲೀಟರ್, ಎಷ್ಟು ಬೆಲೆ. ಉಳಿದದ್ದನ್ನು ಕಂಪನಿಯವರು ಬಾಯಲ್ಲಿ ಹೇಳಿದಷ್ಟು. ಕನ್ನಡಕ ಏರಿಸಿ ತುಟಿ ಆಡಿಸುತ್ತಿದ್ದದ್ದು ಗಿರಾಕಿ ನಂಬಲಿ ಎಂದು. ನೀನು ಮೂಟೆಯ ಮೇಲೆ ಕೂತು ನೋಡುತ್ತಿದ್ದಾಗ ನೀನೂ ನಂಬಲಿ ಎಂದು.

ನಿನ್ನನ್ನು ಆ ಶಾಲೆಗೆ ಹಾಕಿದ್ದು ಯಾಕೆ ಎಂದು ನಮ್ಮ ಕಡೆಯವರೆಲ್ಲ ಕೇಳುತ್ತಿದ್ದರು. ಹೆಣ್ಣುಮಗುವಿಗೆ ಇಂಗ್ಲೀಷ್ ಯಾಕೆ, ರೊಟ್ಟಿ ಏನು ಇಂಗ್ಲೀಷಿನಲ್ಲಿ ಬೇಯುತ್ತದಾ ಎಂದು. ನಾನು ಉತ್ತರ ಕೊಡುತ್ತಿರಲಿಲ್ಲ. ಉತ್ತರ ಗೊತ್ತಿತ್ತು, ಹೇಳಿದರೆ ನನ್ನ ಗುಟ್ಟು ಬಯಲಾಗುತ್ತಿತ್ತು. ಕನ್ನಡದಲ್ಲಿ ಬರಿ ಎಂದದ್ದೂ ನಿಮ್ಮವ್ವನಿಗಾಗಿ ಅಲ್ಲ.

ಆ ದಿನ ನಿನ್ನ ಪತ್ರ ಬಂದಾಗ ಅಂಗಡಿಯ ಡಬ್ಬಿಗಳ ಮುಂದೆ ನಿಂತೆ. ಓದಿ ನಿನಗೆ ಉತ್ತರ ಕೊಡೋಣವೆಂದರೆ ಬಾರದು. ಬೇರೆಯವರ ಹತ್ತಿರ ಓದಿಸಲು ನಾಚಿಕೆ. ಮರುದಿನವೂ ಅದೇ ನಾಚಿಕೆ. ಎರಡನೇ ಪತ್ರದಲ್ಲಿ ನೀನು ಬೀಗಿತ್ತಿಯ ಮಾತಿಗೆ ಹೌದು ಎಂದೆ ಎಂದು ಓದಿದೆ. ನನ್ನ ಮಗಳು ಹೊಸ ಮನೆಯಲ್ಲಿ ಒಬ್ಬಳೇ ನಿಂತು ನಿಜ ಹೇಳಿದ್ದಾಳೆ, ನಾನು ನನ್ನ ಅಂಗಡಿಯಲ್ಲೇ ಅಡಗಿ ಕೂತಿದ್ದೇನೆ ಎನ್ನಿಸಿತು. ಆಮೇಲೆ ಟ್ರ್ಯಾಕ್ಟರಿಗೆ ಹೇಳಿದೆ. ಬಂದ ಮೇಲೆ ನಿನ್ನ ಜೊತೆ ಮಾತಾಡಲಿಲ್ಲ. ಆಡಿದ್ದರೆ ಅಳು ಬರುತ್ತಿತ್ತು. ಅಷ್ಟೆ. ಕೋಪವಿರಲಿಲ್ಲ.

ನಾನು ತಂದ ಲೇಬಲನ್ನು ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಮೇಯಿಸುವುದು ಎಂಬ ಅರ್ಥದ ಇಂಗ್ಲೀಷ್ ಪದಕ್ಕೆ ಅಳಿಯಂದಿರ ಕೈಲಿ ಗೆರೆ ಎಳೆಸಿಕೊಂಡಿದ್ದೆ. ಐದು ಅಕ್ಷರ. ಮೊದಲನೆಯದು ಬಾಲ ಇಳಿಬಿಟ್ಟ ಕೋತಿಯಂತೆ ಇದೆ, ಕೊನೆಯದು ಅರ್ಧ ತೆರೆದ ಕಣ್ಣಿನಂತೆ. ಆ ಆಕಾರ ಹಿಡಿದುಕೊಂಡು ಅಂಗಡಿಯ ಎಲ್ಲ ಡಬ್ಬಿಗಳನ್ನೂ ತಡಕಿದೆ. ನಾಲ್ಕು ದಿನ ಹಿಡಿಯಿತು. ಏಳು ಔಷಧಿಗಳ ಮೇಲೆ ಸಿಕ್ಕಿತು. ಈ ವರ್ಷ ಅವನ್ನು ಒಯ್ದವರು ಯಾರು ಎಂದು ನೆನಪಾದವರಿಗೆಲ್ಲ ಹೇಳಿಕಳಿಸಿದ್ದೇನೆ. ಹಸಿಮೇವಿಗೆ ಕೊಯ್ಯುವ ಮುಂಚೆ ನನ್ನನ್ನು ಕೇಳಿ, ನಾನು ನನ್ನ ಮಗಳನ್ನು ಕೇಳುತ್ತೇನೆ ಎಂದು.

ಆ ಏಳರ ಲೇಬಲುಗಳನ್ನು ಈ ಕವರಿನಲ್ಲಿಟ್ಟಿದ್ದೇನೆ. ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕಳಿಸು. ಒಂದು ಸಾಲೂ ಬಿಡಬೇಡ. ಚೀಟಿ ಅಚ್ಚು ಹಾಕಿಸಿ ಪ್ರತಿ ಡಬ್ಬಿಗೂ ಅಂಟಿಸುತ್ತೇನೆ. ಕೆಳಗೆ "ಓದಿ ಬರೆದವರು: ದಾಕ್ಷಾಯಿಣಿ ವೀರೇಶ್, ಬಿ.ಎ., ಸಿದ್ದಾಪುರ" ಎಂದು ಹಾಕಿಸಲು ಪ್ರೆಸ್ಸಿನವನಿಗೆ ಈಗಾಗಲೇ ಹೇಳಿದ್ದೇನೆ. ಮಹಾಪ್ರಾಣ ತಪ್ಪಿದರೆ ನಿಮ್ಮವ್ವ ತಿದ್ದುತ್ತಾಳಂತೆ.

ನಿನ್ನೆ ಹೊಸ ಮಾಲು ಬಂತು. ಮೊದಲ ಡಬ್ಬಿಗೆ ಎಂದಿನಂತೆ ಪೂಜೆ ಮಾಡಿದೆ. ವಿಭೂತಿಯನ್ನು ಮುಚ್ಚಳಕ್ಕೆ ಹಚ್ಚಿದೆ.

ಆಶೀರ್ವಾದಗಳು.
ನಿನ್ನ ಅಪ್ಪ,
ಜಂಬುಲಿಂಗಪ್ಪ